ಅಂಗೈಯೊಳಗಣ ವಾದಸಭೆ

ತತ್ತ್ವಶಾಸ್ತ್ರವನ್ನು ಕಲಿಯುವವನಿಗಾಗಲಿ ಕಲಿಸುವವನಿಗಾಗಲಿ ಉಪಕರಣಗಳೆಂದು ಹೇಳಿಕೊಳ್ಳತಕ್ಕವು ಬಹಳ ಇಲ್ಲ. ರಸಾಯನಶಾಸ್ತ್ರದವರಿಗೆ ಪ್ರಯೋಗಶಾಲೆ ಬೇಕು, ಭೂಗರ್ಭಶಾಸ್ತ್ರದವರಿಗೆ ಬೆಟ್ಟಗುಡ್ಡಗಳು ಬೇಕು. ನಮಗಾದರೋ ಒಂದು ಗ್ರಂಥ, ಅದನ್ನು ಓದುವಷ್ಟು ಬೆಳಕು, ಓದಿದುದನ್ನು ಮನಸ್ಸಿನಲ್ಲಿ ಹಾಕಿಕೊಂಡು ನಡೆಯುವುದಕ್ಕೆ ಜನಸಂಚಾರ ಕಡಮೆಯಾದ ಒಂದು ದಾರಿ, ಎಲ್ಲಕ್ಕಿಂತ ಹೆಚ್ಚಾಗಿ, ನಾವು ಹೇಳಿದ್ದು ಏಕೆ ಸರಿಯಲ್ಲವೆಂಬುದನ್ನು ಕಾರಣಸಹಿತವಾಗಿ ಎತ್ತಿಕೊಂಡು ಆ ಕಾರಣವನ್ನು ಅದರ ಕೊನೆಯವರೆಗೂ ನಡೆಸಿಕೊಂಡು ಹೋಗಬಲ್ಲ ಒಬ್ಬ ಸಂವಾದಿ, ಇಷ್ಟು ದೊರೆತರೆ ಸಾಕಾಗಿತ್ತು. ಮೊದಲ ಮೂರನ್ನು ಹೇಗಾದರೂ ಸಂಪಾದಿಸಿಕೊಳ್ಳಬಹುದು; ನಾಲ್ಕನೆಯದು ಮಾತ್ರ ಪುಣ್ಯವಶದಿಂದ ಲಭಿಸತಕ್ಕದ್ದು. ಈಚಿನ ಹತ್ತು ಹದಿನೈದು ವರ್ಷಗಳಿಂದ ಒಂದು ಯಂತ್ರವು ನಮ್ಮ ಅಂಗಿಯ ಜೇಬನ್ನು ಸೇರಿಕೊಂಡು, ದಾರಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಾನೇ ಒದಗಿಸಲು ತೊಡಗಿದೆ. ಗ್ರಂಥವನ್ನು ತಂದಿದೆ, ಬೆಳಕನ್ನು ತನ್ನ ಮೈಯಿಂದಲೇ ಕೊಡುತ್ತದೆ, ಸಂವಾದಿಗಳನ್ನಂತೂ ಒಬ್ಬಿಬ್ಬರಲ್ಲ, ಸಾವಿರಗಟ್ಟಲೆಯಾಗಿ ತಂದು ಎದುರಿಗೆ ನಿಲ್ಲಿಸಿದೆ. ಈ ಕೊನೆಯ ಕೊಡುಗೆಯ ವಿಚಾರವಾಗಿಯೇ ನನ್ನ ಮನಸ್ಸು ಬಹುಕಾಲದಿಂದ ತೊಳಲುತ್ತಿರುವುದು.

ಮೊಬೈಲಿನ ಪ್ರಸ್ತಾಪ ಬಂದೊಡನೆ ಅಧ್ಯಾಪಕರ ಕೊಠಡಿಯಲ್ಲಿ ಸಾಮಾನ್ಯವಾಗಿ ಹೊರಡುವ ಮಾತು ಏಕಾಗ್ರತೆಯ ನಾಶವನ್ನು ಕುರಿತದ್ದು. ವಿದ್ಯಾರ್ಥಿಗಳು ಒಂದು ಪುಟವನ್ನು ಓದಿ ಮುಗಿಸುವಷ್ಟರಲ್ಲಿ ಹತ್ತು ಬಾರಿ ಪರದೆಯನ್ನು ಸವರುವರೆಂದೂ, ಪಾಠದ ನಡುವೆ ಮೇಜಿನ ಕೆಳಗೆ ಬೆರಳುಗಳು ಆಡುತ್ತಿರುವುವೆಂದೂ ಎಲ್ಲರೂ ಹೇಳುವುದುಂಟು. ಅದು ನಿಜವೇ. ಆದರೆ ಚಿತ್ತದ ಚಾಂಚಲ್ಯವು ಫೋನಿನೊಡನೆ ಹುಟ್ಟಿದ್ದಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿಯೇ ಅರ್ಜುನನು ಆ ಕಷ್ಟವನ್ನು ತೋಡಿಕೊಂಡಿದ್ದಾನೆ, ಅಭ್ಯಾಸ ವೈರಾಗ್ಯಗಳೆಂಬ ಉಪಾಯವನ್ನು ಕೃಷ್ಣನು ಅಲ್ಲಿಯೇ ಹೇಳಿದ್ದಾನೆ. ಆ ಉಪಾಯ ಇಂದಿಗೂ ಸಲ್ಲುವುದರಿಂದ ಆ ವಿಷಯವನ್ನು ಬೆಳೆಸಲು ನನಗೆ ಮನಸ್ಸಿಲ್ಲ.

ಉಪಕಾರವನ್ನು ಮೊದಲು ಸ್ಮರಿಸಬೇಕು. ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ ‘ಮೈಂಡ್’ ಪತ್ರಿಕೆಯ ಒಂದು ಲೇಖನವನ್ನು ನೋಡಬೇಕಾದರೆ ರಾತ್ರಿಯ ಬಸ್ಸು ಹಿಡಿದು ಬೆಂಗಳೂರಿಗೋ ಮೈಸೂರಿಗೋ ಹೋಗಿ, ಪರಿಚಯಪತ್ರವನ್ನು ತೋರಿಸಿ, ಚೀಟಿ ಬರೆದುಕೊಟ್ಟು, ಆ ಸಂಪುಟವು ಬೈಂಡಿಂಗಿಗೆ ಹೋಗಿದೆಯೆಂಬ ಉತ್ತರವನ್ನು ಕೇಳಿ ಹಿಂದಿರುಗುವುದೂ ಇದ್ದಿತು. ಈಗ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಬೋಧಿಸುವ ಕಾಲೇಜುಗಳೇ ನಮ್ಮಲ್ಲಿ ವಿರಳವಾಗಿರುವಾಗ, ಹಾವೇರಿಯ ಕಡೆಯ ಹಳ್ಳಿಯೊಂದರಿಂದ ಬರುವ ಹುಡುಗಿಯೊಬ್ಬಳು ಕೆಂಪು ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯನ್ನು ಅಂಗೈಯಲ್ಲಿ ಹಿಡಿದು ಓದಿಕೊಂಡು ಬರುತ್ತಾಳೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹಿರಿಯಣ್ಣನವರು ಬಹುವರ್ಷ ಮಾಡಿದ ಪಾಠಗಳಿಂದ ಬೆಳೆದು 1932ರಲ್ಲಿ ಲಂಡನ್ನಿನಿಂದ ಪ್ರಕಟವಾದ ಆ ಗ್ರಂಥವು ಇಂಥದೊಂದು ಬಸ್ಸನ್ನು ಹತ್ತಿತೆಂದರೆ ಅದು ವಿದ್ಯೆಯ ಭಾಗ್ಯವೇ ಸರಿ. 1995ರಲ್ಲಿ ಆರಂಭವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರ ವಿಶ್ವಕೋಶವು ಯಾರಿಂದಲೂ ಒಂದು ಕಾಸನ್ನೂ ಬೇಡದೆ ತಜ್ಞರ ದೀರ್ಘಲೇಖನಗಳನ್ನು ಕೊಡುತ್ತಿದೆ. ಡೇವಿಡ್ ಬೌರ್ಜೆ, ಡೇವಿಡ್ ಚಾಮರ್ಸ್ ಎಂಬಿಬ್ಬರು 2009ರಲ್ಲಿ ಆರಂಭಿಸಿದ ‘ಫಿಲ್‌ಪೇಪರ್ಸ್’ ಸೂಚಿಯು ಯಾವ ವಿಷಯದ ಮೇಲೆ ಯಾರು ಏನು ಬರೆದಿದ್ದಾರೆಂಬುದನ್ನು ಕ್ಷಣದಲ್ಲಿ ತೋರಿಸುತ್ತದೆ. ಒಬ್ಬಂಟಿಗನಾಗಿ ಓದುವವನ ಪಾಲಿಗೆ ಇವು ಎಷ್ಟು ದೊಡ್ಡ ಆಸರೆಗಳೆಂಬುದು ಒಬ್ಬಂಟಿಗನಾಗಿ ಓದಿದವನಿಗೇ ಗೊತ್ತು.

ದೂರದಲ್ಲಿರುವ ವಿದ್ವಾಂಸನೊಡನೆ ನೇರವಾಗಿ ಮಾತನಾಡುವ ಅವಕಾಶವೂ ಹೊಸದೇನಲ್ಲ. ದೆಕಾರ್ತನು ತನ್ನ ‘ಮೆಡಿಟೇಶನ್ಸ್’ ಗ್ರಂಥವನ್ನು 1641ರಲ್ಲಿ ಅಚ್ಚುಹಾಕಿಸುವುದಕ್ಕೆ ಮುಂಚೆ ಅದರ ಹಸ್ತಪ್ರತಿಯು, ಪ್ಯಾರಿಸ್ಸಿನ ಮಠವೊಂದರಲ್ಲಿ ಕುಳಿತು ಯೂರೋಪಿನ ಉದ್ದಗಲಕ್ಕೂ ಪತ್ರವ್ಯವಹಾರ ನಡೆಸುತ್ತಿದ್ದ ಮರ್ಸೆನ್ ಎಂಬ ಸಾಧುವಿನ ಮೂಲಕ ಹಾಬ್ಸ್, ಆರ್ನೋ, ಗಸೆಂದಿ ಮೊದಲಾದವರ ಕೈಸೇರಿ, ಅವರ ಆಕ್ಷೇಪಗಳೂ ದೆಕಾರ್ತನ ಸಮಾಧಾನಗಳೂ ಮೂಲಗ್ರಂಥದೊಡನೆಯೇ ಆರು ಕಂತುಗಳಾಗಿ ಮುದ್ರಿತವಾದವು. ಮರುವರ್ಷದ ಮುದ್ರಣದಲ್ಲಿ ಏಳನೆಯದೂ ಸೇರಿತು. ಅದಾದ ಸ್ವಲ್ಪ ಕಾಲದಲ್ಲಿಯೇ, 1643ರ ಮೇ ತಿಂಗಳಲ್ಲಿ, ಹೇಗ್ ನಗರದಲ್ಲಿ ದೇಶಭ್ರಷ್ಟಳಾಗಿದ್ದ ಬೊಹೀಮಿಯದ ರಾಜಕುಮಾರಿ ಎಲಿಜಬೆತ್ ಆತನಿಗೆ ಒಂದು ಪತ್ರ ಬರೆದು, ವಿಸ್ತಾರವೇ ಇಲ್ಲದ, ಚಿಂತನಮಾತ್ರವಾದ ಆತ್ಮವು ಶರೀರವನ್ನು ಚಲಿಸುವಂತೆ ಮಾಡುವುದು ಹೇಗೆಂದು ಕೇಳಿದಳು. ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ, ಇಪ್ಪತ್ತನಾಲ್ಕು ವಯಸ್ಸಿನ ಆ ಹುಡುಗಿಗೆ ತೆರೆದ ಬಾಗಿಲು ಅಂಚೆಯೊಂದೇ. ಆಕೆಯ ಪ್ರಶ್ನೆಗೆ ತೃಪ್ತಿಕರವಾದ ಉತ್ತರವು ದೆಕಾರ್ತನಿಂದ ಬರಲಿಲ್ಲವೆಂದೇ ಇಂದಿಗೂ ಅನೇಕರ ಅಭಿಪ್ರಾಯ. ನನ್ನ ಅಭಿಪ್ರಾಯವೂ ಅದೇ. ಈಗ ನಮ್ಮ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಪ್ರಾಧ್ಯಾಪಕರೊಬ್ಬರಿಗೆ ತನ್ನ ಸಂದೇಹವನ್ನು ಬರೆದು, ಅವರಿಂದ ಎರಡು ಸಾಲಿನ ಉತ್ತರವನ್ನು ಪಡೆದು, ಅದನ್ನು ನನಗೆ ತೋರಿಸಲು ತರಗತಿಯ ಬಾಗಿಲಲ್ಲಿ ಕಾದು ನಿಂತಾಗ ನನಗೆ ಎಲಿಜಬೆತ್ತಳ ನೆನಪಾಗುತ್ತದೆ.

ಹಾಗಾದರೆ ಕೊರತೆಯಾಗಿರುವುದೇನು? ಅದನ್ನು ಹೇಳುವುದಕ್ಕೆ ನಮ್ಮ ನೈಯಾಯಿಕರ ಪರಿಭಾಷೆಯಷ್ಟು ಹೊಂದುವುದು ನನಗೆ ಬೇರೆಲ್ಲಿಯೂ ಕಂಡುಬಂದಿಲ್ಲ. ಗೌತಮನ ನ್ಯಾಯಸೂತ್ರಗಳು ವಿದ್ವಾಂಸರ ನಡುವಣ ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿ ವಿಭಜಿಸುತ್ತವೆ. ತತ್ತ್ವನಿರ್ಣಯವೇ ಗುರಿಯಾಗಿರುವುದು ವಾದ. ಗೆಲ್ಲುವುದೇ ಗುರಿಯಾಗಿ, ಮಾತನ್ನು ತಿರುಚುವ ಛಲ ಮೊದಲಾದವನ್ನೂ ಬಳಸಿಕೊಳ್ಳುವುದು ಜಲ್ಪ. ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಎದುರಿನವನದನ್ನು ಕೆಡವುವುದು ಮಾತ್ರವೇ ವಿತಂಡ. ನಮ್ಮ ಮಧ್ವಾಚಾರ್ಯರು ಈ ಮೂರರ ಸ್ವರೂಪವನ್ನು ನಿರೂಪಿಸುವುದಕ್ಕೆಂದೇ ‘ಕಥಾಲಕ್ಷಣ’ವೆಂಬ ಕಿರುಗ್ರಂಥವನ್ನು ರಚಿಸಿದರು. ವಾದವನ್ನು ಯಾರೊಡನೆ ಮಾಡಬೇಕೆಂಬುದನ್ನೂ ಸೂತ್ರಕಾರನು ಹೇಳುತ್ತಾನೆ: ಶಿಷ್ಯನೊಡನೆ, ಗುರುವಿನೊಡನೆ, ಸಹಪಾಠಿಯೊಡನೆ, ಶ್ರೇಯಸ್ಸನ್ನು ಬಯಸುವ ಬೇರೆ ಯೋಗ್ಯರೊಡನೆ, ಅವರೆಲ್ಲರೂ ಅಸೂಯೆಯಿಲ್ಲದವರಾಗಿರಬೇಕು. ಇನ್ನು ಚರ್ಚೆಯಲ್ಲಿ ಸೋಲನ್ನು ನಿರ್ಣಯಿಸುವ ನಿಗ್ರಹಸ್ಥಾನಗಳು ಇಪ್ಪತ್ತೆರಡು. ಅವುಗಳಲ್ಲಿ ಒಂದನ್ನು ವಿದ್ಯಾರ್ಥಿದೆಸೆಯಲ್ಲಿ ಪರೀಕ್ಷೆಗಾಗಿ ಉರುಹೊಡೆದಾಗ ಅದರ ಬೆಲೆ ನನಗೆ ತಿಳಿದಿರಲಿಲ್ಲ. ಅನನುಭಾಷಣವೆಂದು ಅದರ ಹೆಸರು. ಎದುರಾಳಿಯು ತನ್ನ ಮಾತನ್ನು ಮೂರು ಬಾರಿ ಹೇಳಿ, ಅದು ಸಭೆಗೆ ಅರ್ಥವಾಗಿದ್ದರೂ, ಪ್ರತಿವಾದಿಯು ಅದನ್ನು ತನ್ನ ಬಾಯಿಂದ ಮತ್ತೆ ಹೇಳಲಾರದೆ ಹೋದರೆ ಅವನು ಅಲ್ಲಿಗೇ ಸೋತವನು. ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಕಾರಣವೂ ಸರಳವಾದದ್ದು: ಎದುರಿನವನ ಮಾತನ್ನು ಅನುವಾದಮಾಡದವನು ಯಾವುದನ್ನು ಆಶ್ರಯಿಸಿಕೊಂಡು ಅದನ್ನು ಖಂಡಿಸಿಯಾನು?

ಪೂರ್ವಪಕ್ಷವನ್ನು, ಎಂದರೆ ಎದುರಿನವನ ವಾದವನ್ನು, ಎತ್ತಿ ಹೇಳುವ ಈ ಕರ್ತವ್ಯವೇ ನಮ್ಮ ಶಾಸ್ತ್ರಗ್ರಂಥಗಳ ಬೆನ್ನೆಲುಬು. ವಿಜಯನಗರದ ಕೃಷ್ಣದೇವರಾಯನಿಂದ ಪೂಜಿತರಾದ, ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾದ ವ್ಯಾಸರಾಯರು ‘ನ್ಯಾಯಾಮೃತ’ವನ್ನು ಬರೆದು ಅದ್ವೈತದ ಒಂದೊಂದು ಸಿದ್ಧಾಂತವನ್ನೂ ಅದರ ಪ್ರಾಚೀನಾಚಾರ್ಯರ ಲಕ್ಷಣವಾಕ್ಯಗಳ ಸಹಿತವಾಗಿ ಎತ್ತಿಕೊಂಡು ಪರೀಕ್ಷಿಸಿದರು. ವ್ಯಾಸರಾಯರು 1539ರಲ್ಲಿ ಕಾಲವಾದರು. ಅವರ ಬೃಂದಾವನವು ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಆ ಗ್ರಂಥಕ್ಕೆ ಉತ್ತರವು ಕಾಶಿಯಲ್ಲಿ ಮಧುಸೂದನ ಸರಸ್ವತಿಗಳಿಂದ ‘ಅದ್ವೈತಸಿದ್ಧಿ’ಯಾಗಿ ಬಂದಿತು, ಹೆಚ್ಚುಕಡಮೆ ಪಂಕ್ತಿಗೆ ಪಂಕ್ತಿಯಾಗಿ, ನ್ಯಾಯಾಮೃತದ ಆಕ್ಷೇಪವನ್ನು ಮೊದಲು ಹೇಳಿಯೇ ಅನಂತರ ಸಮಾಧಾನವನ್ನು ಹೇಳುತ್ತ. ಅದಕ್ಕೆ ಪ್ರತ್ಯುತ್ತರವು ರಾಮಾಚಾರ್ಯರ ‘ತರಂಗಿಣಿ’. ಅದಕ್ಕೆ ಮರು ಉತ್ತರವು ಬ್ರಹ್ಮಾನಂದರ ‘ಚಂದ್ರಿಕೆ’. ತುಂಗಭದ್ರೆಯಿಂದ ಗಂಗೆಯವರೆಗೆ, ತಾಳೆಯೋಲೆಯ ಮೇಲೂ ಕೈಬರಹದ ಪ್ರತಿಗಳ ಮೇಲೂ ನೂರು ವರ್ಷಕ್ಕೆ ಮೀರಿ ನಡೆದ ಈ ಒಂದೇ ಸಂವಾದದಲ್ಲಿ, ಕಟುವಾದ ಮಾತುಗಳು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಎದುರಿನವನು ಏನು ಹೇಳಿದನೆಂಬುದನ್ನು ತಿಳಿಯದೆ ಆಡಿದ ಮಾತು ಹುಡುಕಿದರೂ ಸಿಕ್ಕುವುದು ಕಷ್ಟ.

ಇದು ನಮ್ಮ ದೇಶದ ಗುಣವೆಂದು ಅಭಿಮಾನಪಡುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. 1902ರ ಜೂನ್ 16ರಂದು, ಮೂವತ್ತು ವಯಸ್ಸಿನ ಬರ್ಟ್ರಂಡ್ ರಸೆಲ್ಲನು ಜರ್ಮನಿಯ ಯೇನಾದಲ್ಲಿದ್ದ ಗಾಟ್‌ಲೋಬ್ ಫ್ರೇಗೆಗೆ ಪತ್ರವೊಂದನ್ನು ಬರೆದು, ಅವನ ಗ್ರಂಥವನ್ನು ಮನಸಾರೆ ಮೆಚ್ಚಿ, ಒಂದೇ ಒಂದು ಕಡೆ ತನಗೆ ತೊಡಕು ಕಂಡಿದೆಯೆಂದು ಸೂಚಿಸಿದನು. ಅಂಕಗಣಿತವನ್ನು ತರ್ಕದ ಅಡಿಪಾಯದ ಮೇಲೆ ನಿಲ್ಲಿಸಬೇಕೆಂದು ಫ್ರೇಗೆ ಜೀವಮಾನವೆಲ್ಲ ಶ್ರಮಿಸಿದ್ದನು. ಅವನ ಮಹಾಗ್ರಂಥದ ಎರಡನೆಯ ಸಂಪುಟವು ಆಗ ಅಚ್ಚಿನಲ್ಲಿದ್ದಿತು. ರಸೆಲ್ಲನು ತೋರಿಸಿದ ವಿರೋಧಾಭಾಸವು ಆ ಅಡಿಪಾಯವನ್ನೇ ಅಲುಗಿಸಿಬಿಟ್ಟಿತು. ಫ್ರೇಗೆ ಜೂನ್ 22ರಂದು ಉತ್ತರ ಬರೆದನು. ಆ ಉತ್ತರದಲ್ಲಿ ತನ್ನ ಕಂಗಾಲನ್ನು ಮುಚ್ಚಿಡಲಿಲ್ಲ. ಅಷ್ಟೇ ಅಲ್ಲ, ರಸೆಲ್ಲನು ತನ್ನ ಆಕ್ಷೇಪವನ್ನು ಹೇಳಿದ ರೀತಿ ಪೂರ್ತಿ ಕರಾರುವಾಕ್ಕಾಗಿಲ್ಲವೆಂದು ಕಂಡು, ಅದನ್ನು ಹೇಗೆ ಹೇಳಬೇಕೆಂದು ತಾನೇ ತಿದ್ದಿ ಕೊಟ್ಟನು. ತನ್ನ ಕಟ್ಟಡವನ್ನು ಕೆಡವಲು ಬಂದ ವಾದವನ್ನು ಇನ್ನಷ್ಟು ಹರಿತಮಾಡಿ ಎದುರಾಳಿಯ ಕೈಗೆ ಹಿಂದಿರುಗಿಸಿದನು! ಮರುವರ್ಷ ಹೊರಬಂದ ಸಂಪುಟದ ಕೊನೆಗೆ ಒಂದು ಅನುಬಂಧವನ್ನು ಸೇರಿಸಿ ಎಲ್ಲವನ್ನೂ ಲೋಕಕ್ಕೆ ತಿಳಿಸಿದನು. ಅರವತ್ತು ವರ್ಷಗಳ ಅನಂತರ, ಮುಪ್ಪಿನ ರಸೆಲ್ಲನು, ಸತ್ಯನಿಷ್ಠೆಯಲ್ಲಿ ಫ್ರೇಗೆಯ ಈ ನಡತೆಗೆ ಸರಿದೊರೆಯಾದದ್ದನ್ನು ತಾನು ಬೇರೆ ಕಂಡಿಲ್ಲವೆಂಬ ಅರ್ಥದ ಮಾತನ್ನು ಬರೆದನು. ನ್ಯಾಯಸೂತ್ರವನ್ನು ಫ್ರೇಗೆ ಓದಿರಲಾರನು. ಅನುಭಾಷಣವೆಂಬುದರ ಪರಮಾವಧಿಯನ್ನು ಮಾತ್ರ ಅವನು ಆಚರಿಸಿ ತೋರಿಸಿದನು.

ಈ ಎರಡು ಪತ್ರಗಳ ನಡುವೆ ಆರು ದಿನಗಳಿದ್ದುವೆಂಬುದನ್ನು ಗಮನಿಸಬೇಕು. ಅಂಚೆಯ ನಿಧಾನದಿಂದ ಒದಗಿದ ಆ ದಿನಗಳಲ್ಲಿ ಕೆಲವಾದರೂ ಫ್ರೇಗೆಗೆ ಏಕಾಂತದಲ್ಲಿ ದೊರೆತುವು. ಆಗ ಅವನನ್ನು ಯಾರೂ ನೋಡುತ್ತಿರಲಿಲ್ಲ. ಅವನ ಮೌನವನ್ನು ಯಾರೂ ಎಣಿಸುತ್ತಿರಲಿಲ್ಲ. ನ್ಯಾಯಸೂತ್ರದಲ್ಲಿ ಉತ್ತರವು ಹೊಳೆಯದಿರುವುದೂ ಅಪ್ರತಿಭೆಯೆಂಬ ಒಂದು ನಿಗ್ರಹಸ್ಥಾನವೇ. ಆದರೆ ಅದು ರಾಜಸಭೆಯ, ವಿದ್ವತ್ಸಭೆಯ ನಿಯಮ. ಮನೆಯಲ್ಲಿ ಪುಸ್ತಕ ಹಿಡಿದು ಕುಳಿತವನಿಗೆ ಆ ನಿಯಮವಿರಲಿಲ್ಲ. ಫೋನು ಮಾಡಿದ ದೊಡ್ಡ ಬದಲಾವಣೆ ಇದೆಂದು ನನಗೆ ತೋರುತ್ತದೆ: ಅದು ಸಭೆಯನ್ನು ಮನೆಯೊಳಕ್ಕೆ ತಂದು ಕೂರಿಸಿತು, ಆದರೆ ಸಭೆಗೆ ಇದ್ದ ಎರಡು ನಿಯಮಗಳಲ್ಲಿ ಕಠಿನವಾದುದನ್ನು ಹೊರಗೆ ಬಿಟ್ಟಿತು. ಎದುರಿನವನ ಮಾತನ್ನು ಮತ್ತೆ ಹೇಳಬೇಕೆಂಬ ಕಟ್ಟು ಅಲ್ಲಿ ಇಲ್ಲ. ಕೂಡಲೇ ಉತ್ತರ ಕೊಡದವನು ಸೋತನೆಂಬ ಕಟ್ಟು ಮಾತ್ರ ಉಳಿದಿದೆ.

ಇದಕ್ಕೆ ನನ್ನ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿರುವ ಒಂದು ವಾಟ್ಸಾಪ್ ಗ್ರೂಪಿನಲ್ಲಿ, ಈಗ ಧಾರವಾಡದಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನನ್ನ ಶಿಷ್ಯೆಯೊಬ್ಬಳು ಒಂದು ಸಂಜೆ ಒಂದೇ ಸಾಲಿನ ಪ್ರಶ್ನೆಯನ್ನು ಹಾಕಿದಳು: ಜಗತ್ತು ಮಿಥ್ಯೆಯಾದರೆ, ಆ ಮಿಥ್ಯಾತ್ವವು ಸತ್ಯವೋ ಮಿಥ್ಯೆಯೋ? ನ್ಯಾಯಾಮೃತದಲ್ಲಿ ವ್ಯಾಸರಾಯರು ಎತ್ತಿದ ಗಹನವಾದ ಪ್ರಶ್ನೆಗಳಲ್ಲಿ ಇದೊಂದು. ಮಿಥ್ಯಾತ್ವವು ಸತ್ಯವೆಂದರೆ ಬ್ರಹ್ಮವಲ್ಲದೆ ಎರಡನೆಯದೊಂದು ಸತ್ಯವಸ್ತುವನ್ನು ಒಪ್ಪಿದಂತಾಯಿತು, ಅದ್ವೈತವು ಹೋಯಿತು. ಅದೂ ಮಿಥ್ಯೆಯೆಂದರೆ ಜಗತ್ತು ಮತ್ತೆ ಸತ್ಯವಾಗಿಬಿಟ್ಟಿತು. ಅರ್ಧ ಗಂಟೆಯೊಳಗೆ ಗ್ರೂಪು ತುಂಬಿಹೋಯಿತು. ಹೆಬ್ಬೆರಳಿನ ಗುರುತುಗಳೂ ಕೈಮುಗಿದ ಚಿತ್ರಗಳೂ ಬಂದುವು. ಪ್ರಶ್ನೆಯನ್ನು ಬಿಟ್ಟು ಪ್ರಶ್ನೆ ಕೇಳಿದವಳು ಯಾವ ಮಠದ ಕಡೆಯವಳೆಂಬ ವಿಚಾರಣೆ ಹೊರಟಿತು. ಯಾರೋ ಒಬ್ಬ ಸ್ವಾಮಿಗಳ ಪ್ರವಚನದ ವಿಡಿಯೋ ಬಂದಿತು. ಇನ್ನೊಬ್ಬರು ಅದ್ವೈತಿಗಳಿಗೆ ಬಾಯಿ ಕಟ್ಟಿತೆಂದು ಬರೆದರು. ಶಾಂಕರಭಾಷ್ಯವನ್ನು ಶ್ರದ್ಧೆಯಿಂದ ಓದಿದ್ದ ಮೈಸೂರಿನ ಹುಡುಗನೊಬ್ಬನು ಏನನ್ನೂ ಬರೆಯಲಿಲ್ಲ. ಸಂದೇಶವನ್ನು ಓದಿದೊಡನೆ ಎರಡು ನೀಲಿ ಗುರುತುಗಳು ಬೀಳುವ ಏರ್ಪಾಡು 2014ರಿಂದ ವಾಟ್ಸಾಪಿನಲ್ಲಿದೆ. ಆದ್ದರಿಂದ ಅವನು ಓದಿದನೆಂಬುದು ತಿಳಿಯಿತು, ಓದಿಯೂ ಉತ್ತರಿಸಲಿಲ್ಲವೆಂಬುದು ತಿಳಿಯಿತು, ಅವನಿಗೆ ಉತ್ತರ ತಿಳಿಯದೆಂದು ಬೆಳಗಾಗುವಷ್ಟರಲ್ಲಿ ತೀರ್ಮಾನವೂ ಆಯಿತು.

ಕೆಲವು ದಿನಗಳಾದ ಮೇಲೆ ಆತನು ನೋಟುಬುಕ್ಕಿನ ಹಾಳೆಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿದನು. ಅಷ್ಟರಲ್ಲಿ ಗ್ರೂಪು ವೇತನ ಪರಿಷ್ಕರಣೆಯ ವಿಷಯಕ್ಕೆ ಹೋಗಿತ್ತು. ಯಾರೂ ಓದಿದಂತೆ ಕಾಣಲಿಲ್ಲ. ನಾನು ಆ ಹಾಳೆಗಳನ್ನು ದೊಡ್ಡದು ಮಾಡಿಕೊಂಡು ಓದಿದೆನು. ಮೊದಲೆರಡು ಪುಟಗಳು ಬರಿಯ ಪೂರ್ವಪಕ್ಷ. ಆ ಹುಡುಗಿಯು ಒಂದು ಸಾಲಿನಲ್ಲಿ ಕೇಳಿದ್ದನ್ನು ಆತನು ಅವಳಿಗಿಂತಲೂ ಬಲವಾಗಿ, ತನ್ನ ಪಕ್ಷಕ್ಕೆ ತಪ್ಪಿಸಿಕೊಳ್ಳುವ ಎಡೆಯೇ ಇಲ್ಲದಂತೆ ಕಟ್ಟಿ ನಿಲ್ಲಿಸಿದ್ದನು. ಅನಂತರವೇ ಸಮಾಧಾನಕ್ಕೆ ಕೈಹಾಕಿದ್ದು. ನನ್ನ ಬೋಧನೆಯ ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬನು ಬರೆದುದನ್ನು ಓದಿ ಅಷ್ಟು ಸಂತೋಷಪಟ್ಟದ್ದು ಅಪರೂಪ. ಆ ಹಾಳೆಗಳನ್ನು ನಾನೇ ಧಾರವಾಡಕ್ಕೆ ಪ್ರತ್ಯೇಕವಾಗಿ ಕಳುಹಿಸಿಕೊಟ್ಟೆನು.

ಇಂಥವು ಚಿಕ್ಕ ಊರಿನ ಚಿಕ್ಕ ಸಂಗತಿಗಳೆಂದು ತಳ್ಳಿಹಾಕಲಾಗದು. ಪಾಶ್ಚಾತ್ಯ ದೇಶಗಳ ವಿದ್ವತ್ಪತ್ರಿಕೆಗಳೂ ಈ ಸುಳಿಗೆ ಸಿಕ್ಕಿವೆ. 2017ರ ವಸಂತದಲ್ಲಿ ‘ಹೈಪೇಶಿಯ’ ಎಂಬ ಸ್ತ್ರೀವಾದಿ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ರೆಬೆಕ್ಕಾ ಟ್ಯೂವೆಲ್ ಎಂಬ ತರುಣ ಪ್ರಾಧ್ಯಾಪಕಿಯ ಲೇಖನವೊಂದು ಪ್ರಕಟವಾಯಿತು. ಲಿಂಗವನ್ನು ಬದಲಾಯಿಸಿಕೊಳ್ಳುವವರ ನಿರ್ಧಾರವನ್ನು ಸಮಾಜವು ಮನ್ನಿಸಬೇಕಾದರೆ, ಜನಾಂಗವನ್ನು ಬದಲಾಯಿಸಿಕೊಳ್ಳುತ್ತೇನೆನ್ನುವವರ ನಿರ್ಧಾರವನ್ನೂ ಮನ್ನಿಸಬೇಕೆಂದು ಆಕೆಯ ವಾದ. ಫೇಸ್‌ಬುಕ್ಕಿನಲ್ಲಿಯೂ ಟ್ವಿಟರಿನಲ್ಲಿಯೂ ಆಕ್ರೋಶವೆದ್ದಿತು. ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬ ಬಹಿರಂಗಪತ್ರಕ್ಕೆ ಕೆಲವೇ ದಿನಗಳಲ್ಲಿ ನೂರಾರು ವಿದ್ವಾಂಸರು ಸಹಿ ಹಾಕಿದರು. ಪತ್ರಿಕೆಯ ಸಹಸಂಪಾದಕರಲ್ಲಿ ಬಹುಮಂದಿ ಫೇಸ್‌ಬುಕ್ಕಿನಲ್ಲಿಯೇ ಕ್ಷಮಾಪಣೆಯನ್ನು ಪ್ರಕಟಿಸಿದರು. ಪ್ರಧಾನ ಸಂಪಾದಕಿ ಸ್ಯಾಲಿ ಶಾಲ್ಟ್ಸ್ ಲೇಖನದ ಪರವಾಗಿ ನಿಂತರು. ಲೇಖನವು ಹಿಂದಕ್ಕೆ ಹೋಗಲಿಲ್ಲ. ಆಕೆಯ ವಾದವು ನನಗೆ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಅಲ್ಲದೆ ವಿರೋಧಿಗಳ ಆಕ್ಷೇಪಗಳಲ್ಲಿ ಒಂದಕ್ಕೆ ತೂಕವಿದ್ದಿತು: ಯಾರ ಜೀವನವನ್ನು ಕುರಿತು ಲೇಖನವು ಮಾತನಾಡುತ್ತದೆಯೋ ಅವರು, ಕಪ್ಪುಜನಾಂಗದ ವಿದ್ವಾಂಸರೂ ಲಿಂಗಪರಿವರ್ತಿತ ವಿದ್ವಾಂಸರೂ, ಬರೆದದ್ದನ್ನು ಲೇಖಕಿಯು ಸಾಕಷ್ಟು ಎತ್ತಿಕೊಂಡು ಚರ್ಚಿಸಿಲ್ಲವೆಂಬುದು. ಪೂರ್ವಪಕ್ಷವನ್ನು ಕೇಳಿಸಿಕೊಂಡಿಲ್ಲವೆಂಬುದೇ ಆ ದೂರು. ಆದರೆ ಆ ದೂರಿಗೆ ತಕ್ಕ ರೂಪವು ಅದೇ ಪತ್ರಿಕೆಯಲ್ಲಿ ಬರೆಯುವ ಪ್ರತ್ಯುತ್ತರಲೇಖನವೇ ಹೊರತು ಸಹಿಗಳ ಪಟ್ಟಿಯಲ್ಲ. ಸಹಿ ಹಾಕುವವನು ಎದುರಿನವನ ಮಾತನ್ನು ಮತ್ತೆ ಹೇಳಬೇಕಾಗಿಲ್ಲ, ಅದನ್ನು ಓದಿರಬೇಕೆಂಬುದೂ ಇಲ್ಲ. ಶತಮಾನಗಳಿಂದ ಕಟ್ಟಿಕೊಂಡು ಬಂದ ಆಕ್ಷೇಪ-ಸಮಾಧಾನಗಳ ಕ್ರಮವು ಒಂದು ವಾರದೊಳಗೆ ಬದಿಗೆ ಸರಿಯಿತೆಂಬುದನ್ನು ಓದಿದಾಗ, ನಾನು ಯಾವ ಪಕ್ಷದವನೆಂಬುದನ್ನು ಮರೆತು ದುಃಖಪಟ್ಟೆನು.

ಇದರ ಕಾರಣವನ್ನು ಬಹು ಸೂಕ್ಷ್ಮವಾಗಿ ಶೋಧಿಸಿದವರಲ್ಲಿ ಅಮೆರಿಕದ ತತ್ತ್ವಜ್ಞ ಸಿ. ಥಿ ನ್ಯೂಯೆನ್ ಒಬ್ಬರು. ಟ್ವಿಟರ್ ಸಂಭಾಷಣೆಯನ್ನು ಆಟವಾಗಿ ಮಾರ್ಪಡಿಸುತ್ತದೆಂದು ಅವರು 2021ರ ಒಂದು ಪ್ರಬಂಧದಲ್ಲಿ ಪ್ರತಿಪಾದಿಸಿದ್ದಾರೆ. ಮಾತನಾಡುವುದರಲ್ಲಿ ನಮಗೆ ಬಗೆಬಗೆಯ ಉದ್ದೇಶಗಳಿರುವುವು: ತಿಳಿಸುವುದು, ತಿಳಿದುಕೊಳ್ಳುವುದು, ಸಂತೈಸುವುದು, ಒಟ್ಟಿಗೆ ಯೋಚಿಸುವುದು. ಲೈಕುಗಳ ಸಂಖ್ಯೆ, ಹಿಂಬಾಲಿಸುವವರ ಸಂಖ್ಯೆ ಎಂಬ ಅಂಕಗಳು ಆ ಮಾತಿನ ಪಕ್ಕದಲ್ಲಿಯೇ ಕಾಣಿಸಿಕೊಂಡೊಡನೆ, ಆ ಎಲ್ಲ ಉದ್ದೇಶಗಳೂ ಮೆಲ್ಲಮೆಲ್ಲನೆ ಅಂಕಗಳಿಸುವ ಒಂದೇ ಉದ್ದೇಶಕ್ಕೆ ಎಡೆಬಿಟ್ಟು ಹೋಗುವುವು. ಆಟದಲ್ಲಿ ಗುರಿಯು ಸ್ಪಷ್ಟವಾಗಿರುವುದರಿಂದ ದೊರೆಯುವ ಸುಖವು ಇಲ್ಲಿಯೂ ದೊರೆಯುತ್ತದೆ, ಆದರೆ ಇಲ್ಲಿ ಬದಲಾದದ್ದು ಆಟದ ಗುರಿಯಲ್ಲ, ನಿಜವಾದ ಬದುಕಿನ ಗುರಿ. ಇದನ್ನು ಓದುವಾಗ ನಾನು ಜಲ್ಪದ ಲಕ್ಷಣಕ್ಕೆ ಹೊಸ ಭಾಷ್ಯವೊಂದನ್ನು ಓದುತ್ತಿರುವೆನೆನಿಸಿತು. ವಾದಕ್ಕೆ ಕುಳಿತ ಸಜ್ಜನನು ತನಗೇ ತಿಳಿಯದಂತೆ ಜಲ್ಪಕ್ಕೆ ಜಾರುವುದು ಹೇಗೆಂಬುದನ್ನು ಪ್ರಾಚೀನರು ಅಸೂಯೆಯಿಂದ ವಿವರಿಸಿದರೆ, ನ್ಯೂಯೆನ್ನರು ಯಂತ್ರದ ರಚನೆಯಿಂದ ವಿವರಿಸುತ್ತಾರೆ. 2020ರಲ್ಲಿ ಪ್ರಕಟವಾದ ಮತ್ತೊಂದು ಪ್ರಬಂಧದಲ್ಲಿ ಅವರು ಬೇರೆ ಮಾತು ಕಿವಿಗೆ ಬೀಳದಿರುವ ಸ್ಥಿತಿಯನ್ನೂ, ಬಿದ್ದರೂ ಅದನ್ನು ಆಡಿದವರು ನಂಬತಕ್ಕವರಲ್ಲವೆಂದು ಮೊದಲೇ ಕಲಿಸಿಟ್ಟಿರುವ ಸ್ಥಿತಿಯನ್ನೂ ಬೇರೆಬೇರೆಯಾಗಿ ತೋರಿಸಿದ್ದಾರೆ. ಮೊದಲನೆಯದಕ್ಕೆ ಹೊಸ ಸಂಗತಿಯನ್ನು ತಿಳಿಸಿದರೆ ಪರಿಹಾರವಾದೀತು; ಎರಡನೆಯದಕ್ಕೆ ಕಳೆದುಹೋದ ನಂಬಿಕೆಯನ್ನೇ ಮತ್ತೆ ಬೆಳೆಸಬೇಕಾಗುತ್ತದೆ.

ಸಾರ್ವಜನಿಕವಾದ ಆ ರಣರಂಗವನ್ನು ತತ್ತ್ವಶಾಸ್ತ್ರದವರು ಬಿಟ್ಟುಬಿಡಬೇಕೆಂದು ನಾನು ಹೇಳಲಾರೆ. ಮೊಳಕೆಗಳನ್ನು ಕಾಪಾಡಲು ಮುಳ್ಳಿನ ಕೊಂಬೆಗಳ ಬೇಲಿ ಹಾಕುವಂತೆ, ತತ್ತ್ವನಿಶ್ಚಯವನ್ನು ಕಾಪಾಡಲು ಜಲ್ಪವೂ ವಿತಂಡವೂ ಬೇಕಾದೀತೆಂದು ಗೌತಮನೇ ಒಪ್ಪಿದ್ದಾನೆ. ಶಂಕರರ ಹೆಸರಿನಲ್ಲಿಯೂ ಬಸವಣ್ಣನವರ ಹೆಸರಿನಲ್ಲಿಯೂ ಬುದ್ಧನ ಹೆಸರಿನಲ್ಲಿಯೂ ಅವರು ಎಂದೂ ಆಡದ ಮಾತುಗಳು ಹೂವಿನ ಚಿತ್ರದೊಡನೆ ಬೆಳಗಾದರೆ ಎಲ್ಲರ ಫೋನಿಗೂ ಬಂದು ಬೀಳುತ್ತಿರುವಾಗ, ಮೂಲವನ್ನು ಓದಿದವನು ಅದು ಹಾಗಲ್ಲವೆಂದು ಹೇಳದಿದ್ದರೆ ಹೇಳುವವರು ಯಾರು? ಅಂಥ ಕೆಲಸವನ್ನು ಮಾಡುತ್ತಿರುವ ತರುಣ ಮಿತ್ರರನ್ನು ನಾನು ಬಲ್ಲೆ. ಅವರ ಬಗ್ಗೆ ನನಗೆ ಗೌರವವಿದೆ. ಅವರಲ್ಲಿ ನನ್ನ ಬೇಡಿಕೆ ಒಂದೇ: ಬೇಲಿಯ ಕೆಲಸದಲ್ಲಿ ಹೊಲದ ಕೆಲಸವು ಮರೆತುಹೋಗದಿರಲಿ.

ವೃತ್ತಿಜೀವನದ ಉಳಿದ ಗದ್ದಲವನ್ನು ಕುರಿತು ಹೆಚ್ಚು ಹೇಳುವುದಕ್ಕಿಲ್ಲ. ಪ್ರಿನ್ಸಿಪಾಲರ ಸುತ್ತೋಲೆಗಳು ರಾತ್ರಿ ಹತ್ತಕ್ಕೂ ಗ್ರೂಪಿಗೆ ಬರುತ್ತವೆ. ಅಧ್ಯಾಪಕನಾದವನು ಎಂದಿಗೂ ಕೆಲಸದಿಂದ ಬಿಡುಗಡೆಯಾಗದ ಸ್ಥಿತಿಗೆ ಬಂದಿದ್ದಾನೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ವೆಬಿನಾರುಗಳ ಮಹಾಪೂರ ಬಂದು, ಕೊನೆಯಲ್ಲಿ ಗೂಗಲ್ ಫಾರ್ಮ್ ತುಂಬಿದವರಿಗೆಲ್ಲ ಇ-ಪ್ರಮಾಣಪತ್ರಗಳು ದೊರೆತುವು. ಮನೆಯಿಂದ ಹೊರಡಲಾರದ ಹಿರಿಯ ವಿದ್ವಾಂಸರ ಉಪನ್ಯಾಸವನ್ನು ಬೀದರಿನವರೂ ಮಂಗಳೂರಿನವರೂ ಒಟ್ಟಿಗೆ ಕೇಳುವಂತಾದದ್ದು ಅವುಗಳಿಂದ ನಿಂತ ಲಾಭ.

ತರಗತಿಯಲ್ಲಿ ನಾನು ಒಂದು ಕ್ರಮವನ್ನು ಹಿಡಿದಿದ್ದೇನೆ. ಸೆಮಿನಾರಿನಲ್ಲಿ ಯಾರಾದರೂ ಆಕ್ಷೇಪವೆತ್ತಿದರೆ, ಉತ್ತರ ಹೇಳುವವನು ಮೊದಲು ಆ ಆಕ್ಷೇಪವನ್ನು ತನ್ನ ಮಾತಿನಲ್ಲಿ ಹೇಳಬೇಕು. ಆಕ್ಷೇಪಿಸಿದವನು ‘ಹೌದು, ನಾನು ಕೇಳಿದ್ದು ಇದನ್ನೇ’ ಎಂದು ಒಪ್ಪಿದ ಮೇಲೆಯೇ ಮುಂದಿನ ಮಾತು. ಮೊದಮೊದಲು ಇದು ಕೃತಕವೆಂದು ಹುಡುಗರಿಗೆ ತೋರುತ್ತಿತ್ತು. ‘ಸರ್, ಇಷ್ಟಕ್ಕೇ ಪೀರಿಯಡ್ ಮುಗಿದುಹೋಗುತ್ತದಲ್ಲ!’ ಎಂದು ಒಬ್ಬಳು ಕೇಳಿದಳು. ಮುಗಿದರೆ ಮುಗಿಯಲಿ, ನಾಳೆ ಇನ್ನೊಂದು ಪೀರಿಯಡ್ ಇದೆ ಎಂದೆನು. ಒಪ್ಪಿಗೆ ಮೊದಲ ಸಲಕ್ಕೇ ಸಿಕ್ಕುವುದು ಅಪರೂಪ. ಎರಡು ಮೂರು ಸಲ ತಿದ್ದಿ ಹೇಳುವಷ್ಟರಲ್ಲಿ ಅರ್ಧ ಉತ್ತರವು ತಾನೇ ಸಿದ್ಧವಾಗಿರುತ್ತದೆ, ಅಥವಾ ಉತ್ತರವಿಲ್ಲವೆಂಬುದು ಹೇಳುವವನಿಗೇ ಗೊತ್ತಾಗಿರುತ್ತದೆ. ಆ ಗೊತ್ತಾದವನ ಮುಖದಲ್ಲಿ ಅವಮಾನದ ಛಾಯೆಯನ್ನು ನಾನು ಕಂಡಿಲ್ಲ.

ಧಾರವಾಡದ ಆ ಹುಡುಗಿಯು ಹಾಳೆಗಳನ್ನು ಓದಿ ಮೈಸೂರಿನ ಹುಡುಗನಿಗೆ ಫೋನು ಮಾಡಿದಳು. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಅವರಿಬ್ಬರೂ ವಿಡಿಯೋ ಕಾಲ್ ಮಾಡಿಕೊಂಡು ನ್ಯಾಯಾಮೃತವನ್ನೂ ಅದ್ವೈತಸಿದ್ಧಿಯನ್ನೂ ಎದುರುಬದುರಾಗಿ ಇಟ್ಟುಕೊಂಡು ಓದುತ್ತಿದ್ದಾರೆ. ಆಕೆ ವ್ಯಾಸರಾಯರ ಪಂಕ್ತಿಯನ್ನು ಓದಿದರೆ ಅವನು ಅದರ ಅಭಿಪ್ರಾಯವನ್ನು ಹೇಳಬೇಕು, ಅವನು ಮಧುಸೂದನರ ಪಂಕ್ತಿಯನ್ನು ಓದಿದರೆ ಅದರ ಅಭಿಪ್ರಾಯವನ್ನು ಆಕೆ ಹೇಳಬೇಕು. ಈ ನಿಯಮವನ್ನು ಮಾಡಿಕೊಂಡವರು ಅವರೇ. ನನ್ನನ್ನೂ ಆಗಾಗ ಸೇರಿಸಿಕೊಳ್ಳುತ್ತಾರೆ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧ ಇವರು ಹೇಳಿದ ಮಿಥ್ಯಾತ್ವದ ಐದು ಲಕ್ಷಣಗಳನ್ನು ದಾಟಿ, ಅವರ ಓದು ಈಗ ಮಿಥ್ಯಾತ್ವದ ಮಿಥ್ಯಾತ್ವವೆಂಬ ಪ್ರಕರಣಕ್ಕೆ ಬಂದಿದೆ. ಮಿಥ್ಯಾತ್ವವು ಮಿಥ್ಯೆಯಾದರೂ ಜಗತ್ತು ಸತ್ಯವಾಗಬೇಕಾಗಿಲ್ಲ, ಏಕೆಂದರೆ ಎರಡರ ನಿಷೇಧಕ್ಕೂ ಹೇತು ಒಂದೇ ಎಂದು ಮಧುಸೂದನರು ಹೇಳಿ ಆನೆಯ ದೃಷ್ಟಾಂತವನ್ನು ಕೊಡುತ್ತಾರೆ: ಆನೆಯಲ್ಲಿ ಗೋತ್ವವಿಲ್ಲವೆಂದೊಡನೆ ಅಲ್ಲಿ ಅಶ್ವತ್ವವು ಬಂದುಬಿಡುವುದಿಲ್ಲ, ಎರಡೂ ಅಲ್ಲಿಲ್ಲ. ಹುಡುಗಿಯು ಇದನ್ನು ಅವನಿಗೆ ಒಪ್ಪಿಗೆಯಾಗುವಂತೆ ಅನುವಾದಮಾಡಿದಳು. ಮಾಡಿದ ಮೇಲೆ, ಹಸುವೂ ಕುದುರೆಯೂ ಅಲ್ಲದ ಮೂರನೆಯ ಪ್ರಾಣಿಯಿರುವುದರಿಂದ ಅಲ್ಲಿ ಹಾಗೆ ಹೇಳಬಹುದು, ಸತ್ಯವೂ ಅಲ್ಲದ ಮಿಥ್ಯೆಯೂ ಅಲ್ಲದ ಮೂರನೆಯದು ಯಾವುದಿದೆ ಎಂದು ಕೇಳಿದಳು. ಹುಡುಗನು ಮೊಲದ ಕೊಂಬಿನಂಥ ಅಸತ್ತನ್ನು ನೆನೆದು ಏನೋ ಹೇಳಹೊರಟು, ಸಾಲದೆಂದು ತಾನೇ ನಿಲ್ಲಿಸಿ, ಒಂದು ವಾರದ ಸಮಯ ಬೇಕೆಂದನು. ಆಗಲೆಂದು ಆಕೆ ಒಪ್ಪಿ, ಅಷ್ಟರೊಳಗೆ ತಾನು ತರಂಗಿಣಿಯ ಆ ಭಾಗವನ್ನು ನೋಡಿಕೊಂಡು ಬರುವೆನೆಂದಳು. ತರಂಗಿಣಿಯ ಪಿಡಿಎಫ್‌ನಲ್ಲಿ ಆ ಕಡೆಯ ಪುಟಗಳು ಮಸುಕಾಗಿವೆ. ಅಚ್ಚಾದ ಪ್ರತಿಯೊಂದಕ್ಕಾಗಿ ಲೈಬ್ರರಿಯಲ್ಲಿ ವಿಚಾರಿಸಲು ನನಗೆ ಹೇಳಿದ್ದಾರೆ.